ಸೂರಿನ ಶೀಟು, ಸೆರಗಿನ ಧೂಳು



ಯುಗಾದಿ ಕಳೆದು ಬಿಸಿಲು ಚುರುಕಾಯಿತೆಂದರೆ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ಒಟ್ಟೊಟ್ಟಿಗೇ ಶುರುವಾಗುತ್ತವೆ. ಒಂದು ಹಪ್ಪಳ-ಸಂಡಿಗೆ, ಇನ್ನೊಂದು ಮಳೆ ಹಿಡಿಯುವ ಮೊದಲು ಸೂರಿನ ರಿಪೇರಿ. ಹಪ್ಪಳ-ಸಂಡಿಗೆಯ ಯಜಮಾನಿಕೆ ನಮ್ಮದು. ಸೂರಿನ ವಿಚಾರ ಬಂದಾಗ ಮಾತ್ರ, "ಅದೆಲ್ಲ ಗಂಡಸರು, ಮೇಸ್ತ್ರಿ ನೋಡ್ಕೋತಾರೆ, ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟರಾಯ್ತು" ಎಂದು ಒಳಗೆ ಹೋಗಿಬಿಡುತ್ತೇವೆ. ಆದರೆ ಕೆಲಸ ಮುಗಿದ ಮೇಲೆ ಪೊರಕೆ ಹಿಡಿದು ಬರುವವರು ಯಾರು? ನಾವೇ ಅಲ್ಲವೇ? ಅದಕ್ಕೇ ಈ ಸಲ ಸೂರಿನ ಮಾತು.

ಇದಕ್ಕೆ ಕಾರಣವಾದದ್ದು ತುಮಕೂರು ಜಿಲ್ಲೆಯ ಒಬ್ಬ ಸೋದರಿಯ ಪತ್ರ. ಹೆಸರು ಬೇಡವೆಂದು ಕೇಳಿಕೊಂಡಿದ್ದಾರೆ. ಅವರು ಬರೆಯುತ್ತಾರೆ:

"ನಮ್ಮ ಅಡಿಗೆಮನೆಗೂ ಬಚ್ಚಲಿಗೂ ಸಿಮೆಂಟ್ ಶೀಟಿನ ಸೂರು. ಮಾವನವರು ಇದ್ದಾಗ ಹಾಕಿಸಿದ್ದು, ಮೂವತ್ತು ವರ್ಷ ಆಗಿರಬಹುದು. ಅಲ್ಲಲ್ಲಿ ಬಿರುಕು ಬಿಟ್ಟು ಸೋರುತ್ತಿದೆ. ಈ ಸಲ ತೆಗೆಸಿ ಹೊಸದು ಹಾಕಿಸೋಣ ಅಂತ ಯಜಮಾನರು ಹೇಳಿದ್ದಾರೆ. ಹಳೇ ಶೀಟನ್ನು ಒಡೆದು ಹಿತ್ತಿಲ ಗುಂಡಿಗೆ ತುಂಬಿಬಿಡ್ತೀನಿ, ಕೆಸರಾಗೋದೂ ತಪ್ಪುತ್ತೆ ಅನ್ನುತ್ತಾನೆ ಮೇಸ್ತ್ರಿ. ಕಾಲೇಜಿಗೆ ಹೋಗುವ ಮಗ, ಅದು ವಿಷ, ಮುಟ್ಟಲೇಬಾರದು ಅಂತಾನೆ. ಅತ್ತೆಯವರು, ಮೂವತ್ತು ವರ್ಷ ಇದರ ಕೆಳಗೇ ಉಂಡು ಮಲಗಿದ್ದೀವಿ, ನಮಗೇನಾಯ್ತು ಅಂತ ಕೇಳ್ತಾರೆ. ಮೂವರ ಮಧ್ಯೆ ನನಗೆ ತಲೆ ಕೆಟ್ಟಿದೆ. ಯಾರ ಮಾತು ಸರಿ?"

ಸೋದರೀ, ನಿಮ್ಮ ಮಗನ ಮಾತು ಮುಕ್ಕಾಲು ಸರಿ, ಅತ್ತೆಯವರ ಮಾತು ಕಾಲುಭಾಗ ಸರಿ, ಮೇಸ್ತ್ರಿಯ ಮಾತು ಮಾತ್ರ ಪೂರ್ತಿ ತಪ್ಪು. ಹೇಗೆಂದು ಹೇಳುತ್ತೇನೆ.

ಕಲ್ಲಿನಲ್ಲಿ ಹುಟ್ಟಿದ ನಾರು

ನಾವು ಸಿಮೆಂಟ್ ಶೀಟು ಎಂದು ಕರೆಯುವ ಅಲೆಅಲೆಯ ಬೂದುಬಣ್ಣದ ಹಲಗೆಯಲ್ಲಿ ಇರುವುದು ಬರೀ ಸಿಮೆಂಟಲ್ಲ. ಬರೀ ಸಿಮೆಂಟನ್ನು ಅಷ್ಟು ತೆಳ್ಳಗೆ ಎರಕ ಹೊಯ್ದರೆ ಎತ್ತುವಾಗಲೇ ಮುರಿದು ಬಿದ್ದೀತು. ಗೋಡೆಯ ಮಣ್ಣು ಗಟ್ಟಿಯಾಗಲೆಂದು ನಮ್ಮ ಹಿರಿಯರು ಹುಲ್ಲು ಸೇರಿಸಿ ತುಳಿಯುತ್ತಿರಲಿಲ್ಲವೇ? ಹಾಗೆಯೇ ಇದರಲ್ಲಿ ಸುಮಾರು ಹತ್ತನೆಯ ಒಂದು ಪಾಲು ಒಂದು ಬಗೆಯ ನಾರನ್ನು ಸೇರಿಸುತ್ತಾರೆ. ಆ ನಾರೇ ಆಸ್ಬೆಸ್ಟಾಸ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಸ್ಟ್ರಿಯ ದೇಶದ ಲುಡ್‌ವಿಗ್ ಹ್ಯಾಟ್‌ಷೆಕ್ ಎಂಬಾತ ಈ ವಿಧಾನವನ್ನು ಕಂಡುಹಿಡಿದ ಮೇಲೆ ಇಂಥ ಶೀಟು ಪ್ರಪಂಚದ ಮೂಲೆಮೂಲೆಗೂ ಹೋಯಿತು.

ಈ ನಾರು ಗಿಡದ್ದಲ್ಲ, ಕಲ್ಲಿನದು. ಗಣಿಯಿಂದ ಅಗೆದು ತೆಗೆಯುವಾಗ ಬಂಡೆ. ಬಡಿದರೆ ಹತ್ತಿಯ ಹಾಗೆ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಉರಿಯದು, ನೀರಿಗೆ ಕೊಳೆಯದು, ಗೆದ್ದಲಿಗೆ ಬಗ್ಗದು. ಈ ಗುಣಗಳನ್ನು ನೋಡಿ ಜನ ಅದನ್ನು ಹೊಗಳಿದ್ದೇ ಹೊಗಳಿದ್ದು. ಆದರೆ ಬೆಂಕಿಯಲ್ಲೂ ನೀರಿನಲ್ಲೂ ನಾಶವಾಗದ ವಸ್ತು ನಮ್ಮ ಮೈಯೊಳಗೆ ಹೋದರೆ ಅಲ್ಲಿಯೂ ಸುಲಭವಾಗಿ ನಾಶವಾಗದು, ನೋಡಿ. ತೊಂದರೆ ಇರುವುದೇ ಅಲ್ಲಿ.

ಶೀಟನ್ನು ಒಡೆದಾಗ, ಕೊಯ್ದಾಗ, ಉಜ್ಜಿದಾಗ ಏಳುವ ಧೂಳಿನಲ್ಲಿ ಈ ನಾರಿನ ಚೂರುಗಳಿರುತ್ತವೆ. ನಮ್ಮ ತಲೆಗೂದಲಿಗಿಂತ ನೂರಾರು ಪಟ್ಟು ಸಣ್ಣ. ಕಣ್ಣಿಗೆ ಕಾಣವು, ಮೂಗಿಗೆ ವಾಸನೆ ಇಲ್ಲ, ಗಂಟಲಿಗೆ ಉರಿಯೂ ಇಲ್ಲ. ಮೆಣಸಿನಕಾಯಿ ಘಾಟಾದರೆ ಕೆಮ್ಮಿ ಸೀನಿ ಹೊರಗೆ ಓಡುತ್ತೇವೆ. ಇದು ಹಾಗೆ ಎಚ್ಚರಿಕೆ ಕೊಡುವುದೇ ಇಲ್ಲ. ಸದ್ದಿಲ್ಲದೆ ಶ್ವಾಸಕೋಶದ ತುದಿಯ ತನಕ ಹೋಗಿ ಚುಚ್ಚಿಕೊಂಡು ಕೂರುತ್ತದೆ. ಹೊರಗಿನ ಕಸವನ್ನು ತಿಂದು ತೆಗೆಯುವ ಕಣಗಳು ನಮ್ಮ ಶ್ವಾಸಕೋಶದಲ್ಲಿವೆ, ನಿಜ. ಈ ಕಲ್ಲಿನ ಸೂಜಿಯನ್ನು ಅವು ಅರಗಿಸಲಾರವು. ಅದರ ಸುತ್ತ ಗಾಯ, ಗಾಯದ ಮೇಲೆ ಗಾಯ, ವರ್ಷಾನುಗಟ್ಟಲೆ.

ಇದರಿಂದ ಬರುವ ಕಾಯಿಲೆಗಳಲ್ಲಿ ಮೂರು ಮುಖ್ಯ. ಶ್ವಾಸಕೋಶ ಸ್ಪಂಜಿನ ಮೃದುತನ ಕಳೆದುಕೊಂಡು ಗಡುಸಾಗಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವಂತಾಗುವುದು ಆಸ್ಬೆಸ್ಟೋಸಿಸ್. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಬೀಡಿ-ಸಿಗರೇಟಿನ ಚಟವೂ ಜೊತೆಗಿದ್ದರೆ ಇದರ ಸಂಭವ ಹಲವು ಪಟ್ಟು ಹೆಚ್ಚುತ್ತದೆ. ಮೂರನೆಯದು ಮೀಸೋಥೀಲಿಯೋಮ. ಶ್ವಾಸಕೋಶವನ್ನೋ ಹೊಟ್ಟೆಯನ್ನೋ ಸುತ್ತಿಕೊಂಡಿರುವ ತೆಳುಪೊರೆಗೆ ಬರುವ ಕ್ಯಾನ್ಸರ್ ಇದು. ಅಪರೂಪದ್ದು, ಆದರೆ ಬಂದರೆ ಗುಣವಾಗುವುದು ಬಹಳ ಕಷ್ಟ. ಇವಲ್ಲದೆ ಗಂಟಲಿನ ಧ್ವನಿಪೆಟ್ಟಿಗೆ ಮತ್ತು ಹೆಂಗಸರ ಅಂಡಾಶಯದ ಕ್ಯಾನ್ಸರಿಗೂ ಆಸ್ಬೆಸ್ಟಾಸ್ ಕಾರಣವಾಗಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ತಜ್ಞರು ಹೇಳಿದ್ದಾರೆ.

ಅತ್ತೆಯವರ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಧೂಳು ಕುಡಿದ ದಿನಕ್ಕೂ ಕಾಯಿಲೆ ಕಾಣಿಸಿಕೊಳ್ಳುವ ದಿನಕ್ಕೂ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರ್ಷಗಳ ಅಂತರ. ಇವತ್ತು ಹಾಲು ಕೆಟ್ಟಿದ್ದರೆ ಸಂಜೆಗೇ ಹೊಟ್ಟೆನೋವು ಬಂದು ಕಾರಣ ಗೊತ್ತಾಗುತ್ತದೆ. ಮೂವತ್ತು ವರ್ಷದ ಹಿಂದೆ ಗುಡಿಸಿದ ಧೂಳು ಯಾರಿಗೆ ನೆನಪಿರುತ್ತದೆ? "ನಮಗೇನಾಯ್ತು" ಎಂಬ ಮಾತಿಗೆ ಮೂವತ್ತು ವರ್ಷ ಸಾಲದು.

ಆದರೂ ಅತ್ತೆಯವರ ಮಾತು ಕಾಲುಭಾಗ ಸರಿ ಎಂದೆನಲ್ಲ, ಅದು ಹೀಗೆ. ಗಟ್ಟಿಯಾಗಿರುವ, ಬಿರುಕಿಲ್ಲದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಕಟ್ಟುಬಿದ್ದಿರುತ್ತದೆ. ಅದರ ಕೆಳಗೆ ಕೂತು ಉಂಡ ಮಾತ್ರಕ್ಕೆ ಅಪಾಯ ತೀರಾ ಕಡಿಮೆ. ಆದ್ದರಿಂದ ಇದನ್ನು ಓದಿದ ಕೂಡಲೇ ಗಾಬರಿಯಾಗಿ ಸೂರು ಕೀಳಿಸಲು ಹೊರಡಬೇಡಿ. ಗಾಬರಿಯಲ್ಲಿ ಒಡೆಯುವುದೇ ದೊಡ್ಡ ಅಪಾಯ. ಸೂರು ನಮ್ಮ ಶತ್ರುವಲ್ಲ, ಧೂಳು ಶತ್ರು.

ಬಟ್ಟೆ ಒಗೆದ ತಪ್ಪಿಗೆ

"ಇದೆಲ್ಲ ಕಾರ್ಖಾನೆಯಲ್ಲಿ ದುಡಿಯೋ ಗಂಡಸರ ಕಾಯಿಲೆ, ನಮಗೇಕೆ?" ಎನ್ನುತ್ತೀರಾ? ಹಾಗಾದರೆ ಎರಡು ಸಂಗತಿ ಕೇಳಿ.

ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನಲ್ಲಿ ನೆಲ್ಲಿ ಕರ್ಷಾ ಎಂಬ ಹೆಂಗಸಿದ್ದಳು. ಆಸ್ಬೆಸ್ಟಾಸ್ ನೂಲು ತೆಗೆಯುವುದು ಅವಳ ಕೆಲಸ. ಉಸಿರು ಕಟ್ಟಿ ಕಟ್ಟಿ ೧೯೨೪ರಲ್ಲಿ ತೀರಿಕೊಂಡಾಗ ವಯಸ್ಸು ಬರೀ ೩೩. ಡಾಕ್ಟರ್ ಕುಕ್ ಎಂಬವರು ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದರ ತುಂಬ ಕಲ್ಲಿನ ಚೂರುಗಳು. ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಅದನ್ನು ಬರೆದು ಪ್ರಕಟಿಸಿದರು. ಮುಂದೆ ೧೯೩೧ರಲ್ಲಿ ಬ್ರಿಟನ್ ಸರ್ಕಾರ ಆಸ್ಬೆಸ್ಟಾಸ್ ಕಾರ್ಖಾನೆಗಳ ಧೂಳಿಗೆ ನಿಯಮ ಮಾಡಿತು. ಆ ಹೆಣ್ಣುಮಗಳಿಗೆ ಮಾತ್ರ ಬದುಕಿದ್ದಾಗ ಬಿಡಿಗಾಸಿನ ಪರಿಹಾರವೂ ಸಿಗಲಿಲ್ಲ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ೧೯೬೫ರಲ್ಲಿ ಲಂಡನ್ನಿನ ಮ್ಯೂರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಮ್ಸನ್ ಎಂಬ ಇಬ್ಬರು ಸಂಶೋಧಕಿಯರು ಒಂದು ಶೋಧನೆಯನ್ನು ಪ್ರಕಟಿಸಿದರು. ಆಸ್ಪತ್ರೆಯ ಹಳೆಯ ದಾಖಲೆಗಳಿಂದ ಮೀಸೋಥೀಲಿಯೋಮದ ೭೬ ರೋಗಿಗಳನ್ನು ಹುಡುಕಿ, ಒಬ್ಬೊಬ್ಬರೂ ಎಲ್ಲಿ ಕೆಲಸ ಮಾಡಿದ್ದರು, ಎಲ್ಲಿ ವಾಸವಿದ್ದರು ಎಂದು ವಿಚಾರಿಸುತ್ತಾ ಹೋದರು. ಬಹಳ ಮಂದಿ ಆಸ್ಬೆಸ್ಟಾಸ್ ಕೆಲಸ ಮಾಡಿದವರೇ. ಆದರೆ ಒಂಬತ್ತು ಮಂದಿ ಹಾಗಲ್ಲ, ಅವರ ಮನೆಯವರಷ್ಟೇ ಆ ಕೆಲಸಕ್ಕೆ ಹೋಗುತ್ತಿದ್ದವರು. ಒಂಬತ್ತರಲ್ಲಿ ಏಳು ಹೆಂಗಸರು. ಅವರು ಮಾಡಿದ ತಪ್ಪಾದರೂ ಏನು? ಗಂಡ ಕಾರ್ಖಾನೆಯಿಂದ ತೊಟ್ಟುಬಂದ ಬಟ್ಟೆಯನ್ನು ಕೊಡವಿ ಒಗೆದದ್ದು! ಉಳಿದ ಇಬ್ಬರು ಗಂಡಸರು ಎಂಟೊಂಬತ್ತು ವರ್ಷದ ಹುಡುಗರಾಗಿದ್ದಾಗ ಅವರ ಸೋದರಿಯರು ಆಸ್ಬೆಸ್ಟಾಸ್ ಕಾರ್ಖಾನೆಗೆ ಹೋಗಿಬರುತ್ತಿದ್ದರು. ಬಟ್ಟೆಗೆ ಅಂಟಿ ಬಂದ ಧೂಳು ಹುಡುಗರ ಉಸಿರಿಗೂ ಸೇರಿತ್ತು.

ಇದನ್ನು ಮೊದಲ ಸಲ ಓದಿದಾಗ ನನ್ನ ಕೈ ತಣ್ಣಗಾಯಿತು. ಯಾಕೆಂದರೆ ನನಗೆ ನೆನಪಾದದ್ದು ನಮ್ಮ ಹಿತ್ತಿಲು.

ನನ್ನ ಮನೆಯ ಕಥೆ

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ಒಂದು ಬೇಸಗೆಯಲ್ಲಿ ಆಲಿಕಲ್ಲು ಮಳೆ, ಗಾಳಿ. ಪಕ್ಕದ ತೆಂಗಿನ ಮರದಿಂದ ಒಣಗರಿ, ಕಾಯಿ ಎಲ್ಲ ನಮ್ಮ ದನದ ಕೊಟ್ಟಿಗೆಯ ಸೂರಿನ ಮೇಲೆ ಬಿದ್ದು ಎರಡು ಶೀಟು ಪುಡಿಪುಡಿ. ಬೆಳಿಗ್ಗೆ ಎದ್ದು ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನ ಪೊರಕೆ ಹಿಡಿದು ಬರಬರನೆ ಗುಡಿಸಿದೆ. ಬೆಳ್ಳಗೆ ಧೂಳೆದ್ದಿತು. ಸೆರಗಿನಿಂದಲೇ ಮುಖ ಒರೆಸಿಕೊಂಡೆ. ದೊಡ್ಡ ಚೂರುಗಳನ್ನು ಬಚ್ಚಲ ನೀರು ಹರಿಯುವ ಕಡೆ ಹಾಸಿ, ಕಾಲಿಗೆ ಕೆಸರಾಗದಂತೆ ದಾರಿ ಮಾಡಿದೆ. ಎಷ್ಟು ಜಾಣತನ ನನ್ನದು ಎಂದು ನಾನೇ ಮೆಚ್ಚಿಕೊಂಡೆ!

ಆಗ ನನ್ನ ಮಗಳಿಗೆ ಎಂಟು ವರ್ಷ. ಬೇಸಗೆ ರಜ. ಓಣಿಯ ಹುಡುಗಿಯರೆಲ್ಲ ಸೇರಿ ಕುಂಟೆಬಿಲ್ಲೆ ಆಡುವ ಕಾಲ. "ಅಮ್ಮಾ, ನಂಗೊಂದು ಬಿಲ್ಲೆ" ಎಂದು ಬಂದಳು. ಶೀಟಿನ ಚೂರು ಆರಿಸಿ ಕೊಟ್ಟವಳು ನಾನೇ. ಹೆಂಚಿನ ಚೂರಿಗಿಂತ ಇದು ಚೆನ್ನಾಗಿ ಜಾರುತ್ತದೆ ಎಂದು ಹುಡುಗಿಯರಿಗೆಲ್ಲ ಗೊತ್ತಾಗಿ, ಒಬ್ಬೊಬ್ಬರೂ ಒಂದೊಂದು ಚೂರು ತೆಗೆದುಕೊಂಡರು. ಒಗೆಯುವ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಗುಂಡಗೆ ಮಾಡಿದರು. ಬಿಳಿ ಹುಡಿಯನ್ನು ಉಫ್ ಎಂದು ಊದಿದರು. ನಾನು ಅಲ್ಲೇ ಸಂಡಿಗೆ ಹಿಟ್ಟು ತಿರುವುತ್ತಾ ಕೂತಿದ್ದೆ.

ಮಗಳಿಗೆ ಈಗ ಮೂವತ್ತು ದಾಟಿದೆ, ಅವಳಿಗೂ ಮಕ್ಕಳಿವೆ. ದೇವರ ದಯ, ಆರೋಗ್ಯವಾಗಿದ್ದಾಳೆ. ನಾನು ಡಾಕ್ಟರರನ್ನು ಕೇಳಿದಾಗ, "ಒಂದೆರಡು ದಿನದ ಧೂಳಿನಿಂದ ಕಾಯಿಲೆ ಬರುವ ಸಂಭವ ತೀರಾ ಕಡಿಮೆ, ವರ್ಷಗಟ್ಟಲೆ ಕುಡಿದವರಿಗೆ ಹೆಚ್ಚು, ಸುಮ್ಮನೆ ಹೆದರಬೇಡಿ" ಎಂದರು. ಆದರೆ "ಇಷ್ಟು ಧೂಳಾದರೆ ಪರವಾಗಿಲ್ಲ ಎಂದು ಗೆರೆ ಎಳೆಯಲೂ ಆಗುವುದಿಲ್ಲ" ಎಂಬ ಮಾತನ್ನೂ ಸೇರಿಸಿದರು. ಹಾಗಾಗಿ ನಾನು ಹೆದರಿ ಕೂತಿಲ್ಲ. ಆದರೂ ಆ ಬಿಲ್ಲೆಯನ್ನು ಮರೆತಿಲ್ಲ. ತಿಳಿಯದೆ ಮಾಡಿದ್ದು ನನ್ನ ಪಾಲಿಗೆ ಬಂತು. ತಿಳಿದ ಮೇಲೆ ನೀವು ಮಾಡಬಾರದಲ್ಲ, ಅದಕ್ಕೇ ಸಂಕೋಚ ಬಿಟ್ಟು ಬರೆದಿದ್ದೇನೆ.

ಮೇಸ್ತ್ರಿಗೆ ಕಾಫಿ ಕೊಡುವ ಮೊದಲು

ಈಗ ತುಮಕೂರಿನ ಸೋದರಿಯ ಕೆಲಸಕ್ಕೆ ಬರೋಣ. ಸೂರು ಬಿರುಕು ಬಿಟ್ಟು ಸೋರುತ್ತಿರುವುದರಿಂದ ತೆಗೆಸುವುದೇ ಒಳ್ಳೆಯದು. ಆದರೆ ಕ್ರಮ ಹೀಗಿರಲಿ. ಬೇಕಾದರೆ ಈ ಪುಟವನ್ನು ಕತ್ತರಿಸಿ ಮೇಸ್ತ್ರಿಯ ಕೈಗೇ ಕೊಡಿ.

೧. ಕೆಲಸದ ದಿನ ಮಕ್ಕಳನ್ನು, ಬಸುರಿ-ಬಾಣಂತಿಯರನ್ನು, ವಯಸ್ಸಾದವರನ್ನು ನೆಂಟರ ಮನೆಗೆ ಕಳಿಸಿ. ಅಡಿಗೆಮನೆಯ ಪಾತ್ರೆ, ದಿನಸಿ ಡಬ್ಬ, ಹಾಸಿಗೆ, ಬಟ್ಟೆ ಎಲ್ಲ ಬೇರೆ ಕೋಣೆಗೆ ಸಾಗಿಸಿ ಬಾಗಿಲು ಹಾಕಿ. ಸಾಗಿಸಲಾಗದ್ದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಹಗ್ಗದ ಮೇಲಿನ ಬಟ್ಟೆ ತೆಗೆಯಿರಿ. ಬಾವಿ, ತೊಟ್ಟಿ ಮುಚ್ಚಿ.

೨. ಶೀಟನ್ನು ಮೊದಲು ನೀರಿನಿಂದ ಚೆನ್ನಾಗಿ ನೆನೆಸಬೇಕು. ಒಂದಿಷ್ಟು ಸೋಪಿನ ಪುಡಿ ಕಲಸಿದರೆ ನೀರು ಚೆನ್ನಾಗಿ ಹಿಡಿಯುತ್ತದೆ. ನೀರನ್ನು ಚಿಮುಕಿಸಬೇಕು. ಪೈಪಿನಿಂದ ಜೋರಾಗಿ ಹೊಡೆಯಬಾರದು. ಒದ್ದೆಯಿದ್ದಷ್ಟು ಹೊತ್ತು ಧೂಳು ಏಳುವುದಿಲ್ಲ. ಇದೊಂದೇ ಮಾತು ನೆನಪಿಟ್ಟರೂ ಅರ್ಧ ಗೆದ್ದಂತೆ.

೩. ಸುತ್ತಿಗೆಯಿಂದ ಒಡೆದು ಕೆಡಹುವುದು ಬೇಡವೇ ಬೇಡ. ಬೋಲ್ಟು ಬಿಚ್ಚಿ, ತುಕ್ಕು ಹಿಡಿದಿದ್ದರೆ ಬೋಲ್ಟನ್ನು ಮಾತ್ರ ಕತ್ತರಿಸಿ, ಶೀಟನ್ನು ಇಡಿಯಾಗಿ ಇಳಿಸಬೇಕು. ವಿದ್ಯುತ್ ಗರಗಸ, ಕಟಿಂಗ್ ಮಷೀನುಗಳನ್ನು ಶೀಟಿಗೆ ತಾಗಿಸಲೂ ಕೂಡದು. ಅದರಷ್ಟು ಧೂಳೆಬ್ಬಿಸುವುದು ಬೇರೊಂದಿಲ್ಲ.

೪. ಹಳೆಯ ಶೀಟು ಮಾಗಿದ ಹಪ್ಪಳದಂತೆ, ಕಾಲಿಟ್ಟರೆ ಮುರಿಯುತ್ತದೆ. ಶೀಟಿನ ಸೂರಿನಿಂದ ಬಿದ್ದು ಸೊಂಟ ಮುರಿದುಕೊಂಡವರು, ಪ್ರಾಣ ಕಳೆದುಕೊಂಡವರು ಎಷ್ಟೋ ಮಂದಿ. ಮರದ ಹಲಗೆ ಅಡ್ಡ ಹಾಕಿಕೊಂಡು, ಕೆಳಗಿನ ಆಸರೆಯ ಮೇಲೆಯೇ ಕಾಲಿಡಬೇಕು.

೫. ಕೆಲಸದವರು ಮೂಗಿಗೆ ಟವೆಲ್ ಸುತ್ತಿಕೊಂಡರೆ ಸಾಲದು. ನಮ್ಮ ಸೆರಗೂ ಅಷ್ಟೇ, ಈ ನಾರು ಅದರೊಳಗಿಂದ ಸಲೀಸಾಗಿ ನುಸುಳುತ್ತದೆ. ಧೂಳಿನ ಕೆಲಸಕ್ಕೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಬೇಕು. ಕೊರೋನ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ಎನ್-೯೫ ಬಟ್ಟೆಗಿಂತ ಎಷ್ಟೋ ಮೇಲು. ಅದಕ್ಕಿಂತ ಒಳ್ಳೆಯ ಸೋಸುಕದ್ದು ಸಿಕ್ಕರೆ ಇನ್ನೂ ವಾಸಿ. ಕೂಲಿಯವರಾದರೂ ಅವರ ಉಸಿರೂ ಉಸಿರೇ. ಕಾಫಿ ಕೊಡುವ ನಾವು ಮಾಸ್ಕನ್ನೂ ಕೊಡೋಣ.

೬. ಕೆಳಗೆ ಬಿದ್ದ ಚೂರುಗಳನ್ನು ಒಣಗಿದ ಪೊರಕೆಯಿಂದ ಗುಡಿಸಬೇಡಿ. ಮತ್ತೆ ನೀರು ಚಿಮುಕಿಸಿ, ಕೈಗೆ ಗವುಸು ಹಾಕಿ ಆರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಅದನ್ನು ಇನ್ನೊಂದು ಚೀಲದಲ್ಲಿಟ್ಟು ಬಾಯಿ ಕಟ್ಟಿ. ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಒರೆಸಿದ ಬಟ್ಟೆಯೂ ಆ ಚೀಲಕ್ಕೇ. ಮನೆಯ ಕಸ ಹೀರುವ ಯಂತ್ರ ಬಳಸಬೇಡಿ. ಅದು ಸಣ್ಣ ನಾರನ್ನು ಹಿಂದಿನಿಂದ ಊದಿ ಮನೆಯೆಲ್ಲ ಹರಡುತ್ತದೆ.

೭. ಇನ್ನು ಆ ಗುಂಡಿ. ಶೀಟಿನ ಚೂರನ್ನು ಗುಂಡಿಗೆ, ದಾರಿಗೆ, ಹೂವಿನ ಪಾತಿಯ ಅಂಚಿಗೆ ಹಾಕಲೇಬೇಡಿ. ಕಾಲು ತುಳಿದು, ಗಾಡಿ ಹರಿದು, ವರ್ಷವರ್ಷವೂ ಪುಡಿಯಾಗುತ್ತಾ ಇರುತ್ತದೆ. ಇಡೀ ಶೀಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ಮೂಲೆಯಲ್ಲಿ ಜೋಡಿಸಿ, ಪುರಸಭೆಯ ಕಸದ ವಿಭಾಗದವರನ್ನು ಕೇಳಿ ಒಪ್ಪಿಸಿ. ಸಣ್ಣ ಊರುಗಳಲ್ಲಿ ಇದು ಸುಲಭವಲ್ಲ, ನನಗೂ ಗೊತ್ತು. "ಇದೇನಮ್ಮ, ಇದಕ್ಕೆಲ್ಲ ಯಾರು ಬರ್ತಾರೆ" ಎಂದು ನಕ್ಕಾರು. ನಾಲ್ಕು ಮನೆಯವರು ಸೇರಿ ಅರ್ಜಿ ಕೊಟ್ಟರೆ ನಗು ಕಡಿಮೆಯಾದೀತು.

ತೆಗೆಸುವ ಶಕ್ತಿ ಇಲ್ಲದಿದ್ದರೆ

ಹೊಸ ಸೂರೆಂದರೆ ಖರ್ಚು. ಎಲ್ಲರಿಂದಲೂ ಆಗುವ ಮಾತಲ್ಲ. ಶೀಟಿನ ಸೂರನ್ನು ಹಾಕಿಸಿದವರೇನು ದಡ್ಡರಲ್ಲ. ಹುಲ್ಲಿನ ಸೂರು, ಸೋಗೆಯ ಸೂರು ವರ್ಷವರ್ಷ ಹೊದಿಸಬೇಕು, ಕಿಡಿ ಬಿದ್ದರೆ ಭಸ್ಮ, ಹಾವು ಚೇಳಿನ ಕಾಟ ಬೇರೆ. ಅದರಿಂದ ಪಾರುಮಾಡಿದ್ದು ಈ ಶೀಟೇ. ಹಾಗಾಗಿ ಇರುವುದನ್ನೇ ಜೋಪಾನವಾಗಿ ಇಟ್ಟುಕೊಳ್ಳುವ ಬಗೆ ತಿಳಿದಿರಲಿ.

ಪಾಚಿ ಕಟ್ಟಿದೆಯೆಂದು ತಂತಿ ಬ್ರಷ್ಷಿನಿಂದ ತಿಕ್ಕಿಸಬೇಡಿ. ಬಿಸಿಲು ಮಳೆಗೆ ಮೇಲಿನ ಸಿಮೆಂಟು ಸವೆದು ನಾರು ತಲೆಯೆತ್ತಿರುತ್ತದೆ, ತಿಕ್ಕಿದರೆ ಅದೆಲ್ಲ ಕಿತ್ತು ಬರುತ್ತದೆ. ಶೀಟು ಗಟ್ಟಿಯಾಗಿದ್ದರೆ, ಒದ್ದೆ ಮಾಡಿ ಮೆಲ್ಲಗೆ ತೊಳೆದು ಹೊರಗೋಡೆಗೆ ಹಚ್ಚುವಂಥ ಬಣ್ಣ ಎರಡು ಸಲ ಬಳಿಸಿದರೆ ನಾರು ಒಳಗೇ ಉಳಿಯುತ್ತದೆ. ದೀಪ, ಫ್ಯಾನು, ಕೇಬಲ್ಲೆಂದು ಶೀಟಿಗೆ ತೂತು ಕೊರೆಸಬೇಡಿ. ಮರದ ತೊಲೆಗೆ ಹಾಕಿಸಿ.

ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಉರಿಯ ಝಳ ನೇರವಾಗಿ ಶೀಟಿಗೆ ತಾಗದಂತೆ ನೋಡಿಕೊಳ್ಳಿ. ಆಸ್ಬೆಸ್ಟಾಸ್ ಉರಿಯದು ನಿಜ, ಆದರೆ ಜೋರು ಕಾವಿಗೆ ಸಿಮೆಂಟ್ ಶೀಟು ಪಟಾಕಿಯಂತೆ ಸಿಡಿಯುತ್ತದೆ. ತುಂಡು ಶೀಟನ್ನು ಒಲೆಯ ಕೆಳಗೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಇಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಹಪ್ಪಳ-ಸಂಡಿಗೆ, ಮೆಣಸಿನಕಾಯಿಯನ್ನು ಶೀಟಿನ ಮೇಲೆ ಒಣಗಿಸುತ್ತೀರಾ? ಒಣಗಿಸುವ ಮೊದಲು ಅದನ್ನು ಗುಡಿಸುತ್ತೀರಲ್ಲ, ಆ ಗುಡಿಸುವುದೇ ಕೇಡು. ಮಂಚದ ಮೇಲೆ ಪಂಚೆ ಹಾಸಿ ಅಂಗಳದಲ್ಲೇ ಒಣಗಿಸಿ, ಕಾಗೆ ಕಾಯಲು ಮೊಮ್ಮಕ್ಕಳನ್ನು ಕೂರಿಸಿ. ಸೂರಿನ ಮಳೆನೀರು ಹಿಡಿಯುವವರು ಅದನ್ನು ಕುಡಿದದ್ದರಿಂದಲೇ ಕ್ಯಾನ್ಸರ್ ಬಂತೆನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಈ ನಾರಿನ ಭಯ ಇರುವುದು ಉಸಿರಿಗೆ. ಆದರೂ ಮೊದಲ ಮಳೆಯ ನೀರನ್ನು ಬಿಟ್ಟುಬಿಡುವುದು ಯಾವ ಸೂರಿಗಾದರೂ ಒಳ್ಳೆಯ ಪದ್ಧತಿ.

ಹೊಸದಾಗಿ ಹಾಕಿಸುವವರು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ: "ಇದರಲ್ಲಿ ಆಸ್ಬೆಸ್ಟಾಸ್ ಇದೆಯೇ, ಇಲ್ಲವೇ?" ಆಸ್ಬೆಸ್ಟಾಸ್ ಇಲ್ಲದ, ಬೇರೆ ನಾರು ಸೇರಿಸಿದ ಸಿಮೆಂಟ್ ಶೀಟುಗಳೂ ಈಗ ಬರುತ್ತವೆ. ಬಣ್ಣದ ಲೋಹದ ಶೀಟು ಸಿಗುತ್ತದೆ, ಬಿಸಿಲಿಗೆ ಕಾಯುತ್ತದೆ, ಮಳೆಗೆ ಸದ್ದು ಮಾಡುತ್ತದೆ, ಕೆಳಗೆ ಚಾಪೆಯ ಅಡ್ಡೆ ಕಟ್ಟಿಸಬಹುದು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸಲು ತೊಡಗಿದ ಹೆಂಚು ಇದೆಯಲ್ಲ, ಅದಂತೂ ನಮ್ಮದೇ ಮಣ್ಣು. ಒಡೆದರೂ ಮಣ್ಣೇ, ಕುಂಟೆಬಿಲ್ಲೆ ಮಾಡಿದರೂ ಆಸ್ಬೆಸ್ಟಾಸಿನ ಭಯವಿಲ್ಲ.

ಒಗೆಯುವ ಕಲ್ಲಿನ ಬಳಿ

ಲಂಡನ್ನಿನ ಆ ಏಳು ಹೆಂಗಸರನ್ನು ನೆನೆದು ಇದೊಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಶೀಟಿನ ಕಾರ್ಖಾನೆಯಲ್ಲೋ, ಸೂರು ಹೊದಿಸುವ ಕೆಲಸದಲ್ಲೋ, ಹಳೆ ಕಟ್ಟಡ ಕೆಡಹುವ ಕೆಲಸದಲ್ಲೋ ಇದ್ದಾರೆಯೇ? ಮೋಟಾರು ಗ್ಯಾರೇಜಿನಲ್ಲಿ ಬ್ರೇಕು, ಕ್ಲಚ್ಚು ಬಿಚ್ಚುವ ಮಗನಿದ್ದಾನೆಯೇ? ಬ್ರೇಕಿನ ಲೈನಿಂಗಿಗೂ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಹಾಗಿದ್ದರೆ ಅವರ ಕೆಲಸದ ಬಟ್ಟೆಯನ್ನು ಕೊಡವಬೇಡಿ. ಆದಷ್ಟೂ ಕೆಲಸದ ಜಾಗದಲ್ಲೇ ಬಟ್ಟೆ ಬದಲಿಸಿ, ಕಟ್ಟಿದ ಚೀಲದಲ್ಲಿ ತರಲಿ. ಬಂದ ಕೂಡಲೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ನೆನೆದ ಮೇಲೆಯೇ ಒಗೆಯಿರಿ. ಮಕ್ಕಳ ಬಟ್ಟೆಯ ಜೊತೆ ಸೇರಿಸಬೇಡಿ. ಆ ನೀರನ್ನು ಅಂಗಳಕ್ಕೆ ಎರಚದೆ ಚರಂಡಿಗೆ ಬಿಡಿ. ತಲೆಗೆ ಸ್ನಾನ ಮಾಡಿದ ಮೇಲೆ ಮಗುವನ್ನೆತ್ತಿಕೊಳ್ಳಲಿ. ಕಾರ್ಖಾನೆಯವರಾದರೆ, ಬಟ್ಟೆ ಅಲ್ಲೇ ಒಗೆಸುವ ಏರ್ಪಾಡು ಕೇಳುವುದರಲ್ಲಿ ನಾಚಿಕೆಯಿಲ್ಲ.

೧೯೯೫ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕಾರ್ಮಿಕರ ವಿಷಯದಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಕೆಲಸಗಾರನ ಆರೋಗ್ಯ ಅವನ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ ೪೦ ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ ೧೫ ವರ್ಷ, ಯಾವುದು ಮುಂದಿನದೋ ಅಲ್ಲಿಯವರೆಗೆ ಇಡಬೇಕೆಂದು ಆಜ್ಞೆ ಮಾಡಿತು. ಆದ್ದರಿಂದ ಸಂಬಳದ ಚೀಟಿ, ಕೆಲಸದ ಗುರುತಿನ ಚೀಟಿ, ಹಳೆಯ ಎಕ್ಸ್‌ರೇ ಯಾವುದನ್ನೂ ರದ್ದಿಗೆ ಹಾಕಬೇಡಿ. ಒಡವೆಯ ಪೆಟ್ಟಿಗೆಯಲ್ಲಿಡಿ.

ಬಿಡದ ಒಣಕೆಮ್ಮು, ಏದುಸಿರು, ಎದೆನೋವು ಇದ್ದರೆ ಡಾಕ್ಟರರ ಬಳಿ ಹೋಗಿ, ಅವರು ಕೇಳದಿದ್ದರೂ "ಹಿಂದೆ ಇಂಥ ಧೂಳಿನ ಕೆಲಸ ಇತ್ತು" ಎಂದು ನೀವಾಗಿ ಹೇಳಿ. ಹೇಳದಿದ್ದರೆ ಕ್ಷಯವೆಂದು ತಿಳಿಯುವ ಸಂಭವವುಂಟು. ಯಾವ ತೊಂದರೆಯೂ ಇಲ್ಲದವರು ಬರೀ ಹೆದರಿಕೆಗೆ ಎಕ್ಸ್‌ರೇಗೆ ಓಡಬೇಕಿಲ್ಲ. ಮನೆಯಲ್ಲಿ ಬೀಡಿ-ಸಿಗರೇಟು ಸೇದುವವರಿದ್ದರೆ ಬಿಡಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ?

ಅಂಗಡಿಯಲ್ಲಿ ಇದೆಯಲ್ಲ?

"ಇಷ್ಟು ಕೆಟ್ಟದ್ದಾದರೆ ಸರ್ಕಾರ ಮಾರಲು ಬಿಡುತ್ತಿತ್ತೇ?" ಎಂದು ಯಜಮಾನರು ಕೇಳಿಯೇ ಕೇಳುತ್ತಾರೆ. ಹೇಳಿ: ಬ್ರಿಟನ್ ೧೯೯೯ರಲ್ಲಿ, ಆಸ್ಟ್ರೇಲಿಯ ೨೦೦೩ರ ಕೊನೆಯಲ್ಲಿ, ಯುರೋಪಿನ ಒಕ್ಕೂಟ ೨೦೦೫ರಲ್ಲಿ ಇದನ್ನು ನಿಷೇಧಿಸಿದವು. ಅಮೆರಿಕ ೨೦೨೪ರಲ್ಲಿ ಬಿಳಿ ಆಸ್ಬೆಸ್ಟಾಸಿನ ನಿಷೇಧ ಹೊರಡಿಸಿತು. ನಿಷೇಧಿಸಿದ ದೇಶಗಳು ಅರವತ್ತಕ್ಕೂ ಹೆಚ್ಚು. ನಮ್ಮಲ್ಲಿ ೧೯೮೬ರಲ್ಲೇ ಹೊಸ ಗಣಿಗಳಿಗೆ ಗುತ್ತಿಗೆ ನಿಂತಿತು. ಆದರೆ ಹೊರದೇಶದಿಂದ ಬಿಳಿ ಆಸ್ಬೆಸ್ಟಾಸ್ ತರಿಸಿ ಶೀಟು ಮಾಡಿ ಮಾರುವುದಕ್ಕೆ ಅಡ್ಡಿಯಿಲ್ಲ. ಅಗ್ಗವೆಂಬುದೇ ಕಾರಣ. ಸರಿಯಾಗಿ ಬಳಸಿದರೆ ಅಪಾಯವಿಲ್ಲವೆಂದು ತಯಾರಿಸುವವರು ಹೇಳುತ್ತಾರೆ. ಕಾರ್ಖಾನೆಯೊಳಗೆ ನಿಯಮವಿದ್ದೀತು. ಹಿತ್ತಿಲಲ್ಲಿ ಸುತ್ತಿಗೆ ಹಿಡಿದ ಮೇಸ್ತ್ರಿಗೆ, ಪೊರಕೆ ಹಿಡಿದ ನಮಗೆ ನಿಯಮ ಹೇಳುವವರು ಯಾರು? ನಾವೇ ಹೇಳಿಕೊಳ್ಳಬೇಕು.

ತುಮಕೂರಿನ ಸೋದರೀ, ಕೆಲಸ ಮುಗಿದ ಮೇಲೆ ಹೇಗಾಯಿತೆಂದು ಒಂದು ಕಾಗದ ಹಾಕಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಉಳಿದ ಸೋದರಿಯರು ಇವತ್ತು ಸಂಜೆ ಒಮ್ಮೆ ಹಿತ್ತಿಲಿಗೆ ಹೋಗಿ ನೋಡಿ. ಎಲ್ಲಾದರೂ ಶೀಟಿನ ಚೂರು ಬಿದ್ದಿದ್ದರೆ ನೀರು ಚಿಮುಕಿಸಿ, ಆರಿಸಿ, ಕಟ್ಟಿಡಿ. ಮಕ್ಕಳ ಆಟದ ಡಬ್ಬವನ್ನೂ ಒಂದು ಸಲ ತೆರೆದ ನೋಡಿ.

ಮುಂದಿನ ಸಂಚಿಕೆಯಲ್ಲಿ ಬೇಸಗೆಯ ವಾಂತಿಭೇದಿ, ಮನೆಯಲ್ಲೇ ಮಾಡುವ ಉಪ್ಪು-ಸಕ್ಕರೆ ನೀರಿನ ಅಳತೆ ಕುರಿತು ಬರೆಯುತ್ತೇನೆ. ಬರಲೇ?